ಎರಡನೇ ಗೇರಿನ ಸದ್ದು

"ಈ ಕಾರಿಗಿಂತ ಹೆಚ್ಚಿಗೆ ಡೀಸೆಲ್ ಕುಡಿಯೋನು ನಮ್ಮಣ್ಣ ಕಣ್ರಪ್ಪಾ."

ಒಬ್ಬ ಶ್ರೀಮಂತ ತನ್ನ ಅಣ್ಣನ ಎದುರಿಗೇ ಹೀಗಂದ. ಎಲ್ಲಿ? ಮಾದಪ್ಪನ ಬೆಟ್ಟದ ಮೇಲೆ, ಊಟದ ಪಂಕ್ತಿಯಲ್ಲಿ, ನೆಂಟರೆಲ್ಲ ಎಲೆಯ ಮುಂದೆ ಕೂತಿರುವಾಗ. ನೆಂಟರು ನಕ್ಕರು. ನೀವಿದ್ದಿದ್ದರೂ ನಗುತ್ತಿದ್ದಿರಿ, ಈಗ ತಲೆ ತಗ್ಗಿಸಬೇಡಿ.

ಅಣ್ಣ ಮಾಡಿದ ತಪ್ಪೇನು? ಅವರದು ಹಳೇ ಡೀಸೆಲ್ ಕಾರು, ಓಡಿಸುವವನು ಅಣ್ಣ. ಇಳಿಜಾರಿನಲ್ಲಿ ಅವನು ಅದನ್ನು ಎರಡನೇ ಗೇರಿಗೆ ಹಾಕಿ, ಗೊರಗೊರ ಸದ್ದಿನಲ್ಲಿ ನಿಧಾನಕ್ಕೆ ಇಳಿಸುತ್ತಿದ್ದ. ಎಲ್ಲರೂ ನ್ಯೂಟ್ರಲ್ ಮಾಡಿ ಜಾರಿಕೊಂಡು ಹೋಗುತ್ತಾರೆ, ಇವನೊಬ್ಬ ಎಣ್ಣೆ ಸುಡುತ್ತಾನೆ ಅಂತ ತಮ್ಮನಿಗೆ ಸಿಟ್ಟು.

ಅಣ್ಣ ಕಾರಿನ ಕೀಲಿಯನ್ನು ಎಲೆಯ ಪಕ್ಕ ಇಟ್ಟು, ಬಸ್ಸು ಹತ್ತಿ ಹೋದ.

ತಮ್ಮ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನ್ಯೂಟ್ರಲ್ಲಿನಲ್ಲಿ ಇಳಿದ. ಮೊದಲು ಹಾಯಾಗಿತ್ತು. ತಿರುವು ತಿರುವಿಗೂ ಬ್ರೇಕು ತುಳಿದ. ಬ್ರೇಕು ಕಾದು ವಾಸನೆ ಬಂತು. ಆಮೇಲೆ ತುಳಿದರೂ ಗಾಡಿ ನಿಲ್ಲಲಿಲ್ಲ. ನೋಡಿ, ಗೇರಿನಲ್ಲಿದ್ದರೆ ಓಡುವ ಚಕ್ರವೇ ಎಂಜಿನ್ನನ್ನು ತಿರುಗಿಸಬೇಕು, ಆ ಭಾರವೇ ಗಾಡಿಯನ್ನು ಹಿಂದಕ್ಕೆ ಹಿಡಿಯುತ್ತದೆ. ಹಿಡಿಯುವವನನ್ನೇ ಬಿಟ್ಟು ಬಂದಿದ್ದ. ಕೊನೆಗೆ ಕಾರು ಮಣ್ಣಿನ ದಿಬ್ಬಕ್ಕೆ ಗುದ್ದಿ ನಿಂತಿತು. ಜೀವ ಉಳಿಯಿತು.

ಆವತ್ತಿನಿಂದ ಅವನಿಗೆ ಒಂದೇ ಆಸೆ. ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ, ಆ ಗೊರಗೊರ ಕೇಳುತ್ತಾ ಬೆಟ್ಟ ಇಳಿಯಬೇಕು. ಅಣ್ಣನ ಬೆನ್ನು ಮುಂದೆ ಕಾಣಬೇಕು. ಕಾರು ರಿಪೇರಿ ಮಾಡಿಸಿದ. ಮೆಕ್ಯಾನಿಕ್ ಆ ಸದ್ದನ್ನು ಎಲ್ಲಿಂದ ತರುತ್ತಾನೆ? ಚಿಕ್ಕಂದಿನಲ್ಲಿ ಆ ಸದ್ದಿಗೇ ತೂಕಡಿಸಿ ಅಣ್ಣನ ತೊಡೆಗೆ ಒರಗುತ್ತಿದ್ದವನು ಇವನೇ.

ತಡೆಯಲಾರದೆ ಒಂದು ಮಧ್ಯಾಹ್ನ ಅದೇ ಕಾರಿನಲ್ಲಿ ಅಣ್ಣನ ಬಾಡಿಗೆ ಮನೆಗೆ ಹೋದ. ಮುಂಬಾಗಿಲಿಗಲ್ಲ. ಯಾರೂ ನೋಡದ ಹಿತ್ತಲ ಓಣಿಗೆ.

"ಅಣ್ಣಾ, ಬಂದ್ಬುಡು. ನೀನಿಲ್ದೆ ನಂಗೆ ಬೆಟ್ಟ ಇಳಿಯಕಾಯ್ತಿಲ್ಲ."

ಬೈದದ್ದು ಪಂಕ್ತಿಯಲ್ಲಿ, ಕರೆದದ್ದು ಓಣಿಯಲ್ಲಿ. ಇದು ಯಾವ ನ್ಯಾಯ? ನಿಮ್ಮನ್ನೇ ಕೇಳುತ್ತಿದ್ದೇನೆ. ನಿಮ್ಮನ್ನು ಹಿಡಿದು ನಿಲ್ಲಿಸಿದವರನ್ನು ನಾಲ್ಕು ಜನರ ಮುಂದೆ ಆಡಿಕೊಂಡಿಲ್ಲವೇ? ನಿಧಾನ ಅಂದ ಹೆಂಡತಿಯನ್ನು, ಬೇಡ ಅಂದ ಅಕ್ಕನನ್ನು? ಇವತ್ತೇ ಹೋಗಿ. ಎಲ್ಲಿ ಬೈದಿರೋ ಅಲ್ಲೇ, ನಕ್ಕವರ ಎದುರಿಗೇ ಕೈ ಮುಗಿಯಿರಿ. ಓಣಿಗೆ ಹೋಗಬೇಡಿ.

ಅಣ್ಣ ಏನು ಮಾಡಿದ ಅನ್ನುತ್ತೀರಾ? ಹೊರಗೆ ಬಂದು ಕಾರಿನ ಬಾನೆಟ್ ಮೇಲೆ ಅಂಗೈ ಇಟ್ಟ. ಇನ್ನೂ ಬೆಚ್ಚಗಿತ್ತು. ಬಹಳ ಹೊತ್ತು ಕೈ ತೆಗೆಯಲಿಲ್ಲ. ಓಣಿಯ ಆ ತುದಿ ನೋಡಿದ, ಈ ತುದಿ ನೋಡಿದ. ಯಾರೂ ಇರಲಿಲ್ಲ. ಕೈ ತೆಗೆದು, ಮನೆಯೊಳಗೆ ನಡೆದುಬಿಟ್ಟ.