ಸೆಲ್ವರಾಜ್ ಬಿಟ್ಟುಕೊಟ್ಟ ರಾತ್ರಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿನ ಹಿರಿಯರೇ, ಸಂಜೆಯ ವ್ಯಾಪಾರದ ಹೊತ್ತಿನಲ್ಲೂ ಅಂಗಡಿ ಬಾಗಿಲು ಹಾಕಿ ಬಂದಿರುವ ರಾಬರ್ಟ್‌ಸನ್‌ಪೇಟೆಯ ಸಭಿಕರೇ, ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಅಮ್ಮ ಮುನಿನಾರಾಯಣಮ್ಮನವರೇ,

ಈ ಸನ್ಮಾನದಲ್ಲಿ ಅರ್ಧ ಇನ್ನೊಬ್ಬರಿಗೆ ಸೇರಬೇಕು. ಅದನ್ನು ಹೇಳಲೆಂದೇ ಮೈಕಿನ ಮುಂದೆ ನಿಂತಿದ್ದೇನೆ.

ಗಾಮಾ ಕಿರಣ ಸ್ಫೋಟ ಎಂದರೇನು? ಸೂರ್ಯನಿಗಿಂತ ಎಷ್ಟೋ ಪಟ್ಟು ಭಾರದ ನಕ್ಷತ್ರವೊಂದು ತನ್ನೊಳಗೇ ಕುಸಿಯುತ್ತದೆ. ಆಗ ಚಿಮ್ಮುವ ಗಾಮಾ ಕಿರಣ ಉಪಗ್ರಹಕ್ಕೆ ಕೆಲವೇ ಕ್ಷಣ ಕಾಣುತ್ತದೆ. ಹಿಂದೆ ಉಳಿಯುವ ಬೆಳಕು ದಿನದಿಂದ ದಿನಕ್ಕೆ ಮಂಕಾಗುತ್ತದೆ. ಒಂದೆರಡು ವಾರಕ್ಕೆ ಅದೇ ಜಾಗದಲ್ಲಿ, ಸಿಡಿದ ನಕ್ಷತ್ರ ಸೂಪರ್‌ನೋವಾ ಆಗಿ ಬೆಳಗಬೇಕು. ಬೆಳಗಿತೇ, ಇಲ್ಲವೇ? ಅದನ್ನು ನೋಡುವುದೇ ನನ್ನ ಕಸುಬು.

ಕಳೆದ ವರ್ಷ ಅಂಥ ಸ್ಫೋಟವೊಂದು ನಮ್ಮ ತಂಡಕ್ಕೆ ಸಿಕ್ಕಿತು. ಆದರೆ ಚಿಲಿ ದೇಶದ ಬೆಟ್ಟದ ಮೇಲಿನ ದೊಡ್ಡ ದೂರದರ್ಶಕದಲ್ಲಿ ನಮಗೆ ಕೊಟ್ಟಿದ್ದ ರಾತ್ರಿಗಳನ್ನೆಲ್ಲ ಮೋಡ ನುಂಗಿಹಾಕಿತು. ಸೂಪರ್‌ನೋವಾ ಕಾಣಲಿಲ್ಲ ಎಂದು ಬರೆದು ಮುಗಿಸೋಣ ಎಂದರು ತಂಡದ ಹಿರಿಯರು. ನಾನು ಬೇಸತ್ತು, ರಜೆ ಹಾಕಿ, ಬಂಗಾರಪೇಟೆ ಪಕ್ಕದ ನಮ್ಮೂರಿಗೆ ಬಂದೆ.

ಮರುದಿನ ಬೆಳಗ್ಗೆ ಅಮ್ಮ ಡೇರಿಗೆ ಹಾಲು ಹಾಕಿ ಬರುವ ಹೊತ್ತಿಗೆ ಸುದ್ದಿ ಬಂತು: ಚಿಲಿಯಲ್ಲಿ ಮೋಡ ಸರಿದಿದೆ. ಅಲ್ಲಿ ಆಗ ರಾತ್ರಿ. ಆದರೆ ಆ ರಾತ್ರಿ ನಮ್ಮದಲ್ಲ, ಸೆಲ್ವರಾಜ್ ಅವರದ್ದು. ಉರಿಗಾಂನ ಗಣಿ ಕಾರ್ಮಿಕರ ಲೈನ್‌ಮನೆಯಲ್ಲಿ ಬೆಳೆದವರು. ಕಾಲೇಜಿನಲ್ಲಿ ನನ್ನ ಹಿಂದಿನ ಬೆಂಚು. ದೂರದ ಗೆಲಾಕ್ಸಿಗಳನ್ನು ನೋಡಲು ಬಹಳ ಕಾಲ ಕಾದು ಆ ರಾತ್ರಿ ಪಡೆದಿದ್ದರು. ಬಿಟ್ಟುಕೊಡುವುದೂ ಬಿಡುವುದೂ ಅವರಿಷ್ಟ. ಯಾವ ಬಾಯಲ್ಲಿ ಕೇಳಲಿ? ಚಿಲಿಗೆ ಫೋನ್ ಮಾಡಿ ಕೇಳಿಬಿಟ್ಟೆ.

"ನನ್ ಗೆಲಾಕ್ಸಿ ಎಲ್ಲಿಗೂ ಓಗಲ್ಲ ಅಂಬಿಕ. ನಿಂದು ಓಗ್ಬಿಡ್ತದೆ. ಯಾವ ಕಡೆ ತಿರುಗಿಸ್ಲಿ?" ಅಂದರು.

ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದ ಗೆರೆ ಪರದೆಯ ಮೇಲೆ ಮೂಡಿತು. ಬರೀ ಸ್ಫೋಟದ ಉಳಿಕೆಯಾಗಿದ್ದರೆ ಗೆರೆ ನೇರವಾಗಿ ಸಾಗಬೇಕಿತ್ತು. ಸಾಗಲಿಲ್ಲ! ಅಗಲವಾಗಿ ಉಬ್ಬಿತು, ತಗ್ಗಿತು, ಮತ್ತೆ ಉಬ್ಬಿತು. ಸಿಡಿದ ನಕ್ಷತ್ರದ ಕಬ್ಬಿಣ ಸೆಕೆಂಡಿಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಹಾರುತ್ತಿದ್ದರೆ ಹಾಗೆ ಉಬ್ಬುತ್ತದೆ. ಇತ್ತು, ಸಭಿಕರೇ, ಸೂಪರ್‌ನೋವಾ ಇತ್ತು! ನಾನು ಕೂಗಿದ್ದಕ್ಕೆ ಕೊಟ್ಟಿಗೆಯಲ್ಲಿ ಹಸು ಹಗ್ಗ ಕಿತ್ತುಕೊಂಡಿತು. ಅಮ್ಮ ಓಡಿಬಂದು ಯಾರಿಗೇನಾಯಿತು ಎಂದು ಕೇಳಿದರು. ದೊಡ್ಡ ನಕ್ಷತ್ರವೊಂದು ಸತ್ತಿದೆ ಅಂದೆ. "ಸತ್ತಿದ್ಕೆ ಇಂಗ್ ಕುಣೀತಾರೇನೇ?" ಅಂದರು.

ಫೋನಿನ ಆ ಕಡೆ ಸೆಲ್ವರಾಜ್ ನನಗಿಂತ ಜೋರಾಗಿ ನಗುತ್ತಿದ್ದರು. ಆಮೇಲೆ ಮತ್ತೆ ಮೋಡ ಕವಿಯಿತು. ಅವರಿಗೆ ಒಂದು ಗೆಲಾಕ್ಸಿಯೂ ಸಿಗಲಿಲ್ಲ. ಅಷ್ಟು ಕಳೆದುಕೊಂಡವರು ಹೇಗೆ ನಗುತ್ತಾರೆ? ಅಂದಿನಿಂದ ದಿನವೂ ಫೋನ್ ಮಾಡಿ ಮಾತಾಡುತ್ತೇವೆ. ಕೆಲಸದ ವಿಷಯವೇ. ಹೆಚ್ಚಾಗಿ ಕೆಲಸದ ವಿಷಯವೇ.

ನೀವು ನಗುತ್ತಿದ್ದೀರಿ. ಅಮ್ಮ ನಗುತ್ತಿಲ್ಲ. ಅಮ್ಮ, ಮನೆಯಲ್ಲೇ ಹೇಳಬೇಕೆಂದಿದ್ದೆ, ಬಾಯಿಗೆ ಬಂದುಬಿಟ್ಟಿತು. ಹಿಂದಿನ ಬಾಗಿಲ ಬಳಿ ನಿಂತಿರುವ ನೀಲಿ ಅಂಗಿಯವರೇ ಅವರು. ಮುಂದಿನ ತಿಂಗಳು ಅವರಿಗೆ ಮತ್ತೆ ದೂರದರ್ಶಕ ಸಿಗಲಿದೆ. ಈ ಸಲ ಆಕಾಶದಲ್ಲಿ ಏನೇ ಸಿಡಿಯಲಿ, ನಾನು ಕೇಳುವುದಿಲ್ಲ. ಪಕ್ಕದಲ್ಲಿ ಕುಳಿತು ಅವರ ಗೆಲಾಕ್ಸಿಗಳನ್ನು ನೋಡುತ್ತೇನೆ.

ಅಮ್ಮ ಪಕ್ಕದ ಕುರ್ಚಿಯ ಮೇಲಿದ್ದ ಚೀಲವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದಾರೆ. ಸೆಲ್ವರಾಜ್, ಬನ್ನಿ, ಕುಳಿತುಕೊಳ್ಳಿ.

ಕರೆಸಿದವರಿಗೂ, ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಕೃತಜ್ಞಳು. ನಮಸ್ಕಾರ.