ಎರಡೇ ಹಾಳೆ

ನಾಟಿಂಗ್‌ಹ್ಯಾಮ್‌ನ ಬಸ್‌ ನಿಲ್ದಾಣದಲ್ಲಿ ಹಿಂದಿನ ಬೆಂಚಿನಿಂದ ಕನ್ನಡ ಕೇಳಿಸಿತು. ತಿರುಗಿ ನೋಡಿದರೆ ಮಾತು ನಿಂತುಹೋಗುತ್ತದೆಂದು ವನಮಾಲಾ ಸುಮ್ಮನೆ ಕುಳಿತಳು. ಯಾರೋ ನಾದಿನಿ ಕೇಳುತ್ತಿದ್ದಳು, ಅವಳ ಅತ್ತಿಗೆ ಹೇಳುತ್ತಿದ್ದರು.

“ಅಣ್ಣ ತನ್ನ ದುಡ್ಡಿಗೆ ಮಾಡಿಟ್ಟುಹೋದ ಟ್ರಸ್ಟ್ ನೋಡ್ಕೊಳ್ಳೋ ಟ್ರಸ್ಟಿ ಈಗ ನೀವೇ ಅಂತ ಬ್ಯಾಂಕಿನವರು ಒಪ್ಪಿದ್ರಾ ಅತ್ತಿಗೆ?”

“ಮೊದಲು ಇಡೀ ಟ್ರಸ್ಟ್ ಪತ್ರ ಕೊಡಿ ಅಂದ್ರು. ಕೌಂಟರಿನಲ್ಲಿ ಇದ್ದದ್ದು ಯಾರು ಗೊತ್ತಾ? ಗುಡೀಲಿ ನಮ್ಮ ಪಕ್ಕದಲ್ಲೇ ಊಟಕ್ಕೆ ಕೂರ್ತಾಳಲ್ಲ, ಅವಳು.”

“ಅಯ್ಯೋ ದೇವರೇ.”

“ಒಳ್ಳೆಯವಳೇ, ಪಾಪ. ಆದ್ರೆ ಓದಿದ್ದನ್ನ ಮರೆಯೋಕಾಗುತ್ತಾ? ಅದಕ್ಕೇ ನಮ್ಮ ವಕೀಲರು, ಆ ಸಾಲಿಸಿಟರ್ ಹತ್ರ ಎರಡು ಹಾಳೆ ಸಾರಾಂಶ ಬರೆಸಿ, ಸಹಿ ಹಾಕಿಸ್ಕೊಂಡು ಹೋದೆ. ಟ್ರಸ್ಟ್ ಇದೆ, ಟ್ರಸ್ಟಿ ನಾನು, ಅಕೌಂಟು ನಡೆಸೋ ಅಧಿಕಾರ ನನಗಿದೆ. ಯಾರಿಗೆ ಏನು, ಯಾಕೆ ಅನ್ನೋದು ಅದರಲ್ಲಿಲ್ಲ.”

“ಮ್ಯಾನೇಜರ್ ಸುಮ್ಮನಿದ್ನಾ?”

“ಅಧಿಕಾರ ಕೇಳಿ, ತೋರಿಸ್ತೀನಿ. ನನ್ನ ಮಗಳ ವಿಷಯ ನಿಮಗೆ ಬೇಕಿಲ್ಲ ಅಂದೆ. ಯಾರಿಗೋ ಫೋನ್ ಮಾಡಿ ವಿಚಾರಿಸ್ದ, ಆಮೇಲೆ ಒಪ್ಕೊಂಡ.”

“ನಾನಾಗಿದ್ರೆ ಹೆದರಿ ಇಡೀ ಕಟ್ಟನ್ನೇ ಕೈಗಿಟ್ಟು ಬರ್ತಿದ್ದೆ. ಭಲೇ ಗಟ್ಟಿ ನೀವು.” ನಾದಿನಿಯೇ ದನಿ ತಗ್ಗಿಸಿದಳು. “ಅಂದ ಹಾಗೆ, ಮಗಳು ತನ್ವಿ ಬಗ್ಗೆ ಅಣ್ಣ ಏನು ಬರೆಸಿದ್ದ?”

“ಬಸ್ ಬಂತು, ಏಳು.”

“ಓಹೋ. ನನಗೂ ಎರಡೇ ಹಾಳೆ ಅನ್ನಿ,” ನಾದಿನಿ ನಕ್ಕುಬಿಟ್ಟಳು. ಅತ್ತಿಗೆಯೂ ನಕ್ಕರು.

ಆ ಉತ್ತರಕ್ಕೆ ತಾನೂ ಕಿವಿಗೊಟ್ಟು ಕಾದಿದ್ದೆನೆಂದು ವನಮಾಲಾಗೆ ಆಗ ತಿಳಿಯಿತು. ಅವಳಿಗೂ ಅದೇ ಬಸ್ಸು ಬೇಕಿತ್ತು. ಅವರಿಬ್ಬರೂ ಹತ್ತಿ ಹೋದರು. ಅವಳು ಮುಂದಿನದಕ್ಕೆ ಕಾಯುತ್ತ ಅಲ್ಲೇ ಕುಳಿತಳು.