ಹದಿನಾಲ್ಕನೇ ಕೊಕ್ಕೆ

ಈ ಸಂಜೆಯ ಅಧ್ಯಕ್ಷರೇ, ಕೈಪಿಡಿಯನ್ನು ಬಿಡುಗಡೆ ಮಾಡಿದ ಅರಣ್ಯಾಧಿಕಾರಿಗಳೇ, ಅದನ್ನು ಹೇಳಿದ ದಿನಕ್ಕಿಂತ ಹನ್ನೊಂದೇ ದಿನ ತಡವಾಗಿ ಅಚ್ಚು ಮಾಡಿಕೊಟ್ಟ ಮುದ್ರಣಾಲಯದ ಯಜಮಾನರೇ, ಮೊದಲ ಸಾಲಿನಲ್ಲಿ ಹೂಗುಚ್ಛವನ್ನು ತರಕಾರಿ ಚೀಲದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ನನ್ನ ಅಮ್ಮಾ, ಹಾಗೂ ಫ್ಯಾನಿನ ಕೆಳಗೆ ಜಾಗ ಸಿಗದಿದ್ದರೂ ಎದ್ದುಹೋಗದ ಸಭಿಕರೇ,

ಅಧ್ಯಕ್ಷರು ಈಗಷ್ಟೇ ಒಂದು ತಮಾಷೆ ಮಾಡಿದರು. “ರಕ್ಷಾಪುಟದ ಮೇಲೆ ಮೂರು ದಾರಿ ಅಂತಿದೆ, ಒಳಗೆ ನೋಡಿದ್ರೆ ಎರಡೇ ಇದೆ. ಮೂರನೇದನ್ನ ಮೇಡಂ ಮನೆಗೆ ತಗೊಂಡು ಹೋದ್ರೋ ಏನೋ,” ಅಂದರು. ನೀವೆಲ್ಲ ನಕ್ಕಿರಿ. ನಾನೂ ನಕ್ಕೆ. ನಿಜ ಹೇಳಬೇಕೆಂದರೆ ಅವರು ಸರಿಯಾಗಿಯೇ ಹೇಳಿದ್ದಾರೆ. ಆ ಹಾಳೆ ನನ್ನ ಕೈಚೀಲದಲ್ಲಿದೆ. ಅಚ್ಚಿಗೆ ಹೋಗುವ ಹಿಂದಿನ ದಿನ ನಾನೇ ಅದನ್ನು ತೆಗೆದೆ. ಯಾಕೆ ತೆಗೆದೆ ಎಂದು ಕೊನೆಯಲ್ಲಿ ಹೇಳುತ್ತೇನೆ, ಅಷ್ಟು ಹೊತ್ತಿಗೆ ಧೈರ್ಯ ಉಳಿದಿದ್ದರೆ.

ನಮ್ಮದು ಬಾಗಿಲಿನಂಥ ಊರು. ಬಾಗಿಲನ್ನೇ ನೋಡಲು ಯಾರಾದರೂ ಬರುತ್ತಾರೆಯೇ? ಅದರ ಆಚೆಗಿರುವ ಕಾಡನ್ನು, ಬೆಟ್ಟವನ್ನು ನೋಡಲು ಬರುತ್ತಾರೆ. ಬಸ್ ನಿಲ್ದಾಣದ ಪಕ್ಕದ ಮಾಹಿತಿ ಕೊಠಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಕುಳಿತಿದ್ದೇನೆ. ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು ಇಲ್ಲೇನು ಮಾಡುತ್ತಿದ್ದೀಯ ಎಂದು ಕೇಳಿದವರಿದ್ದಾರೆ. ಮೇಜಿನ ಎಡಗಡೆ ನಕ್ಷೆಗಳು, ಬಲಗಡೆ ಒಂದು ಕವಿತೆಯ ಪುಸ್ತಕ. ಬಸ್ಸು ಬಂದಾಗ ಎಡಗಡೆಯದು, ಹೋದ ಮೇಲೆ ಬಲಗಡೆಯದು. ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ. ಬಂದವರು ಕೇಳುವುದು ಎರಡೇ ಪ್ರಶ್ನೆ. “ಊಟ ಎಲ್ಲಿ ಚೆನ್ನಾಗಿರತ್ತೆ? ಆಮೇಲೆ, ನೋಡೋಕೆ ಏನಿದೆ?” ಯಾವಾಗಲೂ ಇದೇ ಕ್ರಮದಲ್ಲಿ. ಪ್ರಕೃತಿಪ್ರೇಮ ಹೊಟ್ಟೆ ತುಂಬಿದ ಮೇಲೆ ಶುರುವಾಗುತ್ತದೆ ಎಂಬುದು ನನ್ನ ಇಪ್ಪತ್ತೆರಡು ವರ್ಷಗಳ ಸಂಶೋಧನೆ.

ಮೊದಲನೆಯ ದಾರಿ ಕೆರೆಯ ದಾರಿ. ಮಂಡಿನೋವಿನವರಿಗೂ, ಹೊಸದಾಗಿ ಮದುವೆಯಾದವರಿಗೂ ಅದನ್ನೇ ಹೇಳುತ್ತೇನೆ. ಇಬ್ಬರೂ ನಿಧಾನವಾಗಿ ನಡೆಯುತ್ತಾರೆ. ಕೆರೆಯ ಏರಿಯ ಮೇಲೆ ನಿವೃತ್ತ ಬಸ್ ಚಾಲಕರ ಚಹಾದಂಗಡಿಯಿದೆ. ಅವರು ಚಹಾ ಕೊಡುವಾಗಲೂ “ಹಿಡ್ಕೊಳ್ಳಿ, ಹಿಡ್ಕೊಳ್ಳಿ” ಅನ್ನುತ್ತಾರೆ, ತಿರುವಿನಲ್ಲಿ ಪ್ರಯಾಣಿಕರಿಗೆ ಹೇಳುತ್ತಿದ್ದ ಹಾಗೆ. ಅಲ್ಲಿ ಚಹಾ ಕುಡಿಯಿರಿ, ಬಿಸ್ಕತ್ತು ಮಾತ್ರ ಬೇಡ. ಅವರು ಇಲ್ಲೇ ಕುಳಿತಿದ್ದಾರೆ, ಆದರೂ ಹೇಳುತ್ತಿದ್ದೇನೆ. ಎರಡನೆಯದು ಹಕ್ಕಿಗಳ ತೋಪಿನ ದಾರಿ. ಬೆಳಿಗ್ಗೆ ಏಳರೊಳಗೆ ಹೋಗಬೇಕು, ಹಿಂದಿರುಗುವಾಗ ಗರಗಸದ ಮಿಲ್ಲಿನ ಎದುರಿನ ಬೇಕರಿಯಲ್ಲಿ ಒಲೆಯಿಂದ ಆಗಷ್ಟೇ ಇಳಿಸಿದ ಬ್ರೆಡ್ಡಿಗೆ ಬೆಣ್ಣೆ ಹಚ್ಚಿಸಿಕೊಂಡು ತಿನ್ನಬೇಕು. ತೋಪಿನಲ್ಲಿ ಕಂಡ ಹಕ್ಕಿಗಳನ್ನು ಮರೆತವರಿದ್ದಾರೆ. ಆ ಬ್ರೆಡ್ಡನ್ನು ಮರೆತವರನ್ನು ನಾನು ಕಂಡಿಲ್ಲ.

ಇನ್ನು, ಯಾವ ದಾರಿಗೆ ಹೋಗುವವರಾದರೂ ಮೊದಲು ನಿಲ್ಲಬೇಕಾದ ಜಾಗ ಒಂದಿದೆ. ಕಾಡಿನ ಗೇಟಿನ ಎದುರಿಗಿರುವ ನನ್ನ ಅಮ್ಮನ ಹೋಟೆಲು. ಈ ದಿನ ನೀವು ಸನ್ಮಾನಿಸಿದ್ದು ಅದರ ಐವತ್ತು ವರ್ಷಗಳನ್ನು. ವೇದಿಕೆಯ ಅಲಂಕಾರಕ್ಕೆಂದು ಸಮಿತಿಯವರು ಅಲ್ಲಿನ ಕೊಕ್ಕೆಯ ಹಲಗೆಯನ್ನೇ ಕಳಚಿ ತಂದು ನನ್ನ ಹಿಂದೆ ನಿಲ್ಲಿಸಿದ್ದಾರೆ. ಇಪ್ಪತ್ತು ಕೊಕ್ಕೆ, ಇಪ್ಪತ್ತು ಡಬ್ಬಿ, ಪಕ್ಕದಲ್ಲಿ ಗಂಟೆ. ದೂರದಿಂದ ಬಂದ ಅತಿಥಿಗಳಿಗಾಗಿ ಇದನ್ನು ವಿವರಿಸಬೇಕು.

ಕಾಡಿಗೆ ಹೋಗುವವರಿಗೆ ಅಮ್ಮ ಮಧ್ಯಾಹ್ನದ ಊಟವನ್ನು ಡಬ್ಬಿಯಲ್ಲಿ ಕಟ್ಟಿಕೊಡುತ್ತಾಳೆ. ಅನ್ನ, ಬೇಳೆ, ಬೇಯಿಸಿದ ಮೊಟ್ಟೆ, ಉಪ್ಪು ಹಚ್ಚಿದ ಸೌತೆಕಾಯಿ. ಡಬ್ಬಿಗಳೆಲ್ಲ ಒಂದೇ ಥರ, ಅಂಕಿ ಇರುವುದು ಕೊಕ್ಕೆಯ ಮೇಲೆ. ಹಿಂದಿರುಗಿದವರು ಹೊರಗಿನ ನಲ್ಲಿಯಲ್ಲಿ ಡಬ್ಬಿ ತೊಳೆದು ತಮ್ಮ ಅಂಕಿಯ ಕೊಕ್ಕೆಗೆ ತಾವೇ ನೇತುಹಾಕಬೇಕು. ಎಂಥ ದೊಡ್ಡ ಮನುಷ್ಯರಾದರೂ ಅಷ್ಟೇ. ಒಬ್ಬ ನ್ಯಾಯಾಧೀಶರಿಗೆ ಅಮ್ಮ “ಮೂಲೇಲಿ ಅನ್ನ ಅಂಟ್ಕೊಂಡಿದೆ, ಇನ್ನೊಂದ್ಸಲ ತೊಳೀರಿ” ಅಂದದ್ದನ್ನು ನಾನೇ ಕೇಳಿದ್ದೇನೆ. ಸಂಜೆ ಐದಕ್ಕೆ ಯಾವುದಾದರೂ ಕೊಕ್ಕೆ ಖಾಲಿಯಿದ್ದರೆ ಅಮ್ಮ ಗಂಟೆ ಬಾರಿಸುತ್ತಾಳೆ. ಗಂಟೆ ಬಾರಿಸಿದರೆ ಬೀದಿಯವರೆಲ್ಲ ಕೈಯಲ್ಲಿದ್ದುದನ್ನು ಬಿಟ್ಟು ಮೇಲೆ ಹೊರಡುತ್ತಾರೆ. ದಾರಿ ತಪ್ಪಿದವರು ಎಷ್ಟೋ ಮಂದಿ. ಸಿಗದೆ ಹೋದವರು ಒಬ್ಬರೂ ಇಲ್ಲ. ಈ ಮಾತನ್ನು ಕೈಪಿಡಿಯ ಏಳನೇ ಪುಟದಲ್ಲಿ ನಾನೇ ಬರೆದಿದ್ದೇನೆ. ಅರಣ್ಯಾಧಿಕಾರಿಗಳು ಈಗ ಅದನ್ನೇ ಓದಿ ಹೇಳಿದರು. ನೀವು ಚಪ್ಪಾಳೆ ತಟ್ಟಿದಿರಿ.

ಏಳನೇ ಪುಟ ಸುಳ್ಳು, ಸಭಿಕರೇ.

ನಾನು ಬರೆದುಕೊಂಡು ಬಂದ ಭಾಷಣದಲ್ಲಿ ಇಲ್ಲಿಂದ ಮುಂದೆ ಪರಿಸರ ಸಂರಕ್ಷಣೆಯ ವಿಷಯವಿದೆ. ಅದನ್ನು ಬಿಡುತ್ತೇನೆ. ಪ್ಲಾಸ್ಟಿಕ್ ಎಸೆಯಬೇಡಿ, ಅಷ್ಟೇ.

ನನಗೆ ಒಬ್ಬಳು ಅಕ್ಕ ಇದ್ದಳು. ಇಲ್ಲಿರುವ ಹಿರಿಯರಿಗೆ ನೆನಪಿರುತ್ತದೆ. ನನಗಿಂತ ಏಳು ವರ್ಷ ದೊಡ್ಡವಳು. ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದಳು, ಸಮಯ ಸಿಕ್ಕರೆ ಕಾಡಿಗೆ ಓಡುತ್ತಿದ್ದಳು. ಕಣ್ಣುಮುಚ್ಚಿ ಎಲೆಯ ವಾಸನೆ ನೋಡಿ ಮರದ ಹೆಸರು ಹೇಳುತ್ತಿದ್ದಳು. “ಇದ್ಯಾವ್ದು ಹೇಳು?” ಎಂದು ನನ್ನ ಮೂಗಿಗೆ ಎಲೆ ಹಿಡಿಯುವಳು. ನಾನು ಯಾವಾಗಲೂ ತಪ್ಪು ಹೇಳುತ್ತಿದ್ದೆ. “ನಿನಗೆ ಮೂಗಿರೋದು ಕನ್ನಡಕ ಇಟ್ಕೊಳ್ಳೋಕೆ ಮಾತ್ರ ಕಣೇ,” ಅನ್ನುವಳು. ಕನ್ನಡಕ ಆಮೇಲೆ ಬಂತು, ಅವಳು ನೋಡಲಿಲ್ಲ.

ಅವಳಿಗೆ ಇಪ್ಪತ್ತೆರಡು ತುಂಬಿದ ವರ್ಷ ಬೆಟ್ಟದ ಆಚೆ ಬದಿಯ ಯಾವುದೋ ಸಸ್ಯೋದ್ಯಾನದಿಂದ ಕೆಲಸಕ್ಕೆ ಬಾ ಎಂದು ಕಾಗದ ಬಂತು. ಅರ್ಜಿ ಹಾಕಿದ್ದೇ ಅಮ್ಮನಿಗೆ ಗೊತ್ತಿರಲಿಲ್ಲ. ಅಮ್ಮ ಆಗ ಮೂವತ್ತು ಊಟಕ್ಕೆ ಒಬ್ಬಳೇ ಬೇಯಿಸುತ್ತಿದ್ದಳು, ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. “ಮರ ನೋಡ್ಕೊಳ್ಳೋಕೆ ಸಂಬಳ ಕೊಡ್ತಾರಂತೆ! ಇಲ್ಲಿ ಮನುಷ್ಯರನ್ನ ಯಾರು ನೋಡ್ಕೋತಾರೆ?” ಎಂದು ಆ ಕಾಗದವನ್ನು ಒಲೆಗೆ ಹಾಕಿದಳು. ಅಮ್ಮಾ, ನಿನ್ನನ್ನು ಆಡಿಕೊಳ್ಳಲು ಹೇಳುತ್ತಿಲ್ಲ. ಆಗಿನ ನಿನ್ನ ವಯಸ್ಸನ್ನು ನಾನೀಗ ದಾಟಿದ್ದೇನೆ. ನಾನೂ ಹಾಗೆಯೇ ಮಾಡುತ್ತಿದ್ದೆನೇನೋ.

ಮರುದಿನ ಬೆಳಿಗ್ಗೆ ಅಕ್ಕ ಯಾರೊಂದಿಗೂ ಮಾತಾಡದೆ ಹದಿನಾಲ್ಕನೇ ಕೊಕ್ಕೆಯ ಡಬ್ಬಿ ತೆಗೆದುಕೊಂಡಳು. ತಾನೇ ಅನ್ನ ತುಂಬಿಕೊಂಡಳು. ಗೇಟಿನ ಹತ್ತಿರ ನಾನು ಓಡಿ ಹಿಡಿದೆ.

“ಎಲ್ಲಿಗಕ್ಕಾ?”

“ಮೇಲಕ್ಕೆ.”

“ಯಾವಾಗ ಬರ್ತೀಯ?”

“ಡಬ್ಬಿ ತಗೊಂಡಿದೀನಲ್ಲ,” ಅಂದಳು. ನನ್ನ ಜಡೆಯನ್ನು ಒಮ್ಮೆ ಎಳೆದಳು. ಮೂರನೇ ದಾರಿ ಹಿಡಿದಳು.

ಮೂರನೇ ದಾರಿ ಬೆಟ್ಟ ಹತ್ತಿ ಆಚೆ ಬದಿಗೆ ಇಳಿಯುತ್ತದೆ. ಪೂರ್ತಿ ದಾಟಲು ಬೆಳಿಗ್ಗೆಯಿಂದ ಕತ್ತಲೆಯವರೆಗೆ ಹಿಡಿಯುತ್ತದೆ. ನನಗೆ ಹದಿನೈದು ವರ್ಷ. ನನಗೆ ಎಲ್ಲವೂ ಅರ್ಥವಾಯಿತು ಅಂದುಕೊಂಡೆ. ಅಕ್ಕ ಕೆಲಸಕ್ಕೆ ಸೇರಲು ಓಡಿಹೋಗುತ್ತಿದ್ದಾಳೆ. ಐದಕ್ಕೆ ಕೊಕ್ಕೆ ಖಾಲಿಯಿದ್ದರೆ ಅಮ್ಮ ಗಂಟೆ ಬಾರಿಸುತ್ತಾಳೆ, ಊರೆಲ್ಲ ಓಡುತ್ತದೆ, ಅಕ್ಕ ಸಿಕ್ಕಿಬೀಳುತ್ತಾಳೆ. ಹಾಗಾಗಬಾರದು. ಅಟ್ಟದ ಮೇಲೆ ಹೆಚ್ಚುವರಿ ಡಬ್ಬಿಗಳಿದ್ದವು. ನಾಲ್ಕೂವರೆಗೆ ಒಂದನ್ನು ಇಳಿಸಿ, ನಲ್ಲಿಯಲ್ಲಿ ನೆನೆಸಿ, ನೀರು ತೊಟ್ಟಿಕ್ಕುವ ಹಾಗೆಯೇ ಹದಿನಾಲ್ಕನೇ ಕೊಕ್ಕೆಗೆ ಹಾಕಿದೆ.

ಆ ದಿನ ಅಮ್ಮ ಎಷ್ಟು ಸಲ ಅಡುಗೆಮನೆಯಿಂದ ಹೊರಗೆ ಬಂದು ಆ ಕೊಕ್ಕೆಯನ್ನು ನೋಡಿದ್ದಳೋ! ಐದಕ್ಕೆ ಬಂದಳು. ಡಬ್ಬಿಯನ್ನು ಮುಟ್ಟಿದಳು. ಬೆರಳು ಒದ್ದೆಯಾಯಿತು.

“ಬಂದಿದ್ಲಾ?”

ನಾನು ಹೂಂ ಅಂದೆ.

“ಎಲ್ಲಿ ಹೋದ್ಲು?”

ಎದುರಿಗೆ ಐದು ಗಂಟೆಯ ಬಸ್ಸು ಹೊರಡುತ್ತಿತ್ತು. ನಾನು ಸುಮ್ಮನೆ ಅದರ ಕಡೆ ನೋಡಿದೆ. ಅಷ್ಟೇ ಮಾಡಿದ್ದು.

“ಡಬ್ಬಿ ತೊಳೆದಿಟ್ಟು ಹೋದ್ಲಾ? ನನ್ನ ಮುಖಾನೂ ನೋಡ್ದೆ?” ಅಂದಳು ಅಮ್ಮ. ಆಮೇಲೆ ಅವಳ ಹೆಸರೆತ್ತಲಿಲ್ಲ. ಮೂವತ್ತೆರಡು ವರ್ಷವಾಯಿತು.

ಅಕ್ಕನಿಂದ ಕಾಗದ ಬರುತ್ತದೆಂದು ಕಾದೆ. ಅಮ್ಮನಿಗೆ ಬರೆಯದಿದ್ದರೂ ನನಗೆ ಬರೆಯುತ್ತಾಳೆ, ಅವಳನ್ನು ಉಳಿಸಿದವಳಲ್ಲವೇ ನಾನು? ಬರಲಿಲ್ಲ. ಉದ್ಯಾನದ ಹೆಸರು ಒಲೆಯಲ್ಲಿ ಉರಿದುಹೋಗಿತ್ತು. ನಾನು ಈ ಊರನ್ನು ಬಿಡದೆ ಮಾಹಿತಿ ಕೊಠಡಿಯಲ್ಲೇ ಉಳಿದದ್ದಕ್ಕೆ ಏನೇನೋ ಕಾರಣ ಹೇಳಿದ್ದೇನೆ, ಸ್ವಲ್ಪ ಹೊತ್ತಿನ ಮೊದಲು ನಿಮಗೂ ಒಂದು ಹೇಳಿದೆ. ಬಸ್ಸಿನಿಂದ ಇಳಿಯುವ ಪ್ರತಿಯೊಬ್ಬರ ಮುಖವೂ ಆ ಕಿಟಕಿಯಿಂದ ಕಾಣುತ್ತದೆ. ಕಾರಣ ಅದು.

ಎಂಟು ತಿಂಗಳ ಹಿಂದೆ ಕೈಪಿಡಿಗಾಗಿ ಬೆಟ್ಟದ ಆಚೆಯ ಕಚೇರಿಗಳಿಗೆಲ್ಲ ಕಾಗದ ಬರೆದೆವು. ಮೂರನೇ ದಾರಿಯಲ್ಲಿ ಯಾವ್ಯಾವ ಮರಗಳಿವೆ, ದಯವಿಟ್ಟು ತಿಳಿಸಿ ಎಂದು. ಒಂದು ಸಸ್ಯೋದ್ಯಾನದಿಂದ ಮಾತ್ರ ಉತ್ತರ ಬಂತು. ನಮ್ಮ ಗೇಟಿನಿಂದ ಬೆಟ್ಟದ ತುದಿಯವರೆಗೆ ಕ್ರಮವಾಗಿ ಮೂವತ್ತೊಂದು ಮರಗಳು, ಕೈಬರಹದಲ್ಲಿ. ನಮ್ಮ ಹೋಟೆಲಿನ ಗೋಡೆಯ ಮೇಲೆ ಅಕ್ಕ ಊಟದ ಪಟ್ಟಿ ಬರೆಯುತ್ತಿದ್ದ ಕೈಬರಹ. ಮರಗಳ ಕೆಳಗೆ ಇನ್ನೊಂದು ಸಾಲಿತ್ತು. ಅದನ್ನು ಓದುತ್ತೇನೆ. ಕೈಪಿಡಿಯಿಂದ ನಾನು ತೆಗೆದ ಹಾಳೆ ಇದೇ.

“ಮೂವತ್ತೆರಡು. ಚಪ್ಪಟೆ ಬಂಡೆ. ಇದು ಮರವಲ್ಲ. ಇಲ್ಲಿ ಕುಳಿತರೆ ಕೆಳಗೆ ಹೋಟೆಲಿನ ಹೊಗೆ ಕಾಣುತ್ತದೆ, ಗಾಳಿಯಿಲ್ಲದ ದಿನ ಗಂಟೆ ಕೇಳುತ್ತದೆ. ಒಮ್ಮೆ ಡಬ್ಬಿಯೊಂದಿಗೆ ಇಲ್ಲಿ ಕತ್ತಲಾಗುವವರೆಗೂ ಕುಳಿತಿದ್ದೆ. ಗಾಳಿ ಇರಲಿಲ್ಲ. ಗಂಟೆಯೂ ಕೇಳಲಿಲ್ಲ.”

ಅವಳು ಓಡಿಹೋಗಿರಲಿಲ್ಲ. ಡಬ್ಬಿ ತೆಗೆದುಕೊಂಡು ಹೋದವಳು ಯಾಕೆ ಹೋಗಿದ್ದಳು ಹೇಳಿ? ಓಡಿಹೋಗುವವರು ಈ ಊರಿನಲ್ಲಿ ಡಬ್ಬಿ ತೆಗೆದುಕೊಳ್ಳುತ್ತಾರೆಯೇ? ಡಬ್ಬಿ ತೆಗೆದುಕೊಳ್ಳುವುದೆಂದರೆ, ನಾನು ಬರದಿದ್ದರೆ ನೀವು ಬನ್ನಿ ಎಂದು ಹೇಳಿಹೋದ ಹಾಗೆ. ಅಮ್ಮ ಗಂಟೆ ಬಾರಿಸಲಿ, ಏದುಸಿರು ಬಿಡುತ್ತ ಬೆಟ್ಟ ಹತ್ತಿ ಬರಲಿ, ಬಂದು ಬೈಯಲಿ ಎಂದು ಅವಳು ಕಾದಳು. ಯಾರೂ ಬರಲಿಲ್ಲ, ಆಚೆ ಬದಿಗೆ ಇಳಿದುಹೋದಳು. ಇಲ್ಲಿ ಅಮ್ಮ ತುಂಬಿದ ಕೊಕ್ಕೆಯನ್ನು ನೋಡಿ, ಮಗಳು ಮುಖ ತೋರಿಸದೆ ಹೋದಳೆಂದು ಕುಸಿದಳು. ಮಧ್ಯದಲ್ಲಿ ನಾನು, ಜಾಣೆ, ಒಂದು ಡಬ್ಬಿ ತೊಳೆದೆ.

ಎಂಟು ತಿಂಗಳಿನಿಂದ ಉತ್ತರ ಬರೆಯುತ್ತಿದ್ದೇನೆ. ಎಷ್ಟು ಕವಿತೆ ಓದಿದ್ದರೇನು, ಮೊದಲ ಸಾಲು ಸಿಗುತ್ತಿಲ್ಲ. ಅಮ್ಮನಿಗೆ ಹೇಳಲು ಅದಕ್ಕಿಂತ ಹೆಚ್ಚು ಹೆದರಿದೆ, ಅದಕ್ಕೇ ಹಾಳೆಯನ್ನು ತೆಗೆದೆ. ಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಲಾಗದ್ದನ್ನು ಇಷ್ಟು ಜನರ ಮುಂದೆ ಹೇಳುತ್ತಿರುವುದು ಧೈರ್ಯವಲ್ಲ, ಅಮ್ಮಾ. ಇಲ್ಲಿ ನೀನು ನನ್ನನ್ನು ಎದ್ದು ಬಂದು ಹೊಡೆಯುವುದಿಲ್ಲ ಎಂಬ ನಂಬಿಕೆ.

ಅಮ್ಮ ಎದ್ದಿದ್ದಾಳೆ.

ದಯವಿಟ್ಟು ದಾರಿ ಬಿಡಿ. ಯಾರೂ ಕೈ ಹಿಡಿಯಬೇಡಿ, ಅವಳಿಗೆ ಇಷ್ಟವಾಗುವುದಿಲ್ಲ. ಮೆಟ್ಟಿಲು ಎತ್ತರವಿದೆ, ಅಮ್ಮಾ, ನಿಧಾನ.

ಹಿಂದಿನ ಸಾಲಿನವರಿಗೆ ಕಾಣುತ್ತಿಲ್ಲವೇನೋ. ಅಮ್ಮ ನನ್ನ ಕಡೆ ನೋಡಲಿಲ್ಲ. ಹೂಗುಚ್ಛವನ್ನು ಅಧ್ಯಕ್ಷರ ಕೈಗೆ ಕೊಟ್ಟಳು. ಹಲಗೆಯ ಹತ್ತಿರ ಹೋಗಿ ಹದಿನಾಲ್ಕನೇ ಕೊಕ್ಕೆಯಿಂದ ಡಬ್ಬಿ ತೆಗೆದಳು. ಅದನ್ನು ತಿರುಗಿಸಿ, ಮುಚ್ಚಳ ತೆಗೆದು ಒಳಗೆ ನೋಡುತ್ತಿದ್ದಾಳೆ. ಈಗ ಅದನ್ನು ನನ್ನ ಕೈಗೆ ಕೊಟ್ಟಿದ್ದಾಳೆ.

ಗಂಟೆ ಬಾರಿಸುತ್ತಿದ್ದಾಳೆ.

ಕೇಳಿಸುತ್ತಿದೆಯಲ್ಲ? ಇಂದು ಗಾಳಿಯೂ ಇಲ್ಲ.

ನೀವೆಲ್ಲ ಎದ್ದು ನಿಂತಿದ್ದೀರಿ. ಈ ಊರಿನವರಿಗೆ ಆ ಗಂಟೆ ಕೇಳಿ ಕುಳಿತಿರಲು ಬರುವುದಿಲ್ಲ, ನನಗೆ ಗೊತ್ತು. ಆದರೆ ಈಗ ಹೊತ್ತಾಗಿದೆ, ಕುಳಿತುಕೊಳ್ಳಿ. ಹುಡುಕಲು ಹೋಗಬೇಕಾದವಳು ನಾನು. ನಾಳೆ ಬೆಳಿಗ್ಗೆ ಆರಕ್ಕೆ ಮೂರನೇ ದಾರಿಯಲ್ಲಿ ಹೊರಡುತ್ತೇನೆ. ಚಪ್ಪಟೆ ಬಂಡೆಯವರೆಗೆ ಜೊತೆಗೆ ಬರುವವರು ಬರಬಹುದು. ಅಲ್ಲಿಂದ ಆಚೆಗೆ ಒಬ್ಬಳೇ ಇಳಿಯುತ್ತೇನೆ. ಸಂಜೆ ಐದಕ್ಕೆ ಹದಿನಾಲ್ಕನೇ ಕೊಕ್ಕೆ ಖಾಲಿಯಿದ್ದರೆ ಗಾಬರಿಯಾಗಬೇಡಿ. ಖಾಲಿಯಿರಲಿ. ಅದರ ನಿಜವಾದ ಡಬ್ಬಿ ಆಚೆ ಬದಿಯಲ್ಲಿದೆ. ತೆಗೆದುಕೊಂಡು ಹೋದವಳೇ ಬಂದು ತೊಳೆದು ಹಾಕಲಿ.

ಮುದ್ರಣಾಲಯದ ಯಜಮಾನರೇ, ಈ ಹಾಳೆಯನ್ನು ನಿಮಗೆ ಒಪ್ಪಿಸುತ್ತಿದ್ದೇನೆ. ಮರುಮುದ್ರಣದಲ್ಲಿ ಮೂರು ದಾರಿಯೂ ಇರಲಿ, ಏಳನೇ ಪುಟವನ್ನು ತಿದ್ದಿ. ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡ ಅಧ್ಯಕ್ಷರಿಗೆ, ಅತಿಥಿಗಳಿಗೆ, ನಿಂತೇ ಇರುವ ನಿಮಗೆಲ್ಲರಿಗೆ ಕೃತಜ್ಞತೆಗಳು. ಅಮ್ಮಾ, ಸಾಕು, ಕೈ ನೋಯುತ್ತದೆ, ಹಗ್ಗ ನನ್ನ ಕೈಗೆ ಕೊಡು.

ನಮಸ್ಕಾರ.